ಕತ್ತರಿ ಮತ್ತು ಅಳತೆ

ದರ್ಜಿಯು ಕತ್ತರಿಯನ್ನು ಕೊಳ್ಳುವಾಗ ಅದು ತನ್ನ ಕೈಗೆ ಒಗ್ಗುವುದೇ ಎಂದು ನೋಡುತ್ತಾನೆ. ಬಟ್ಟೆಯನ್ನು ಕತ್ತರಿಸುವಾಗ ತೊಡುವವನ ಮೈಯನ್ನು ಅಳೆಯುತ್ತಾನೆ. ಈ ಎರಡನ್ನೂ ಅದಲುಬದಲು ಮಾಡಿದವನ ಅಂಗಡಿ ಬಹುಕಾಲ ನಡೆಯಲಾರದು. ತನ್ನ ಮೈಯಳತೆಗೇ ಊರವರಿಗೆಲ್ಲ ಅಂಗಿ ಹೊಲಿದುಕೊಟ್ಟು, ‘ನನಗೆ ಚೆನ್ನಾಗಿಯೇ ಒಪ್ಪುತ್ತದೆಯಲ್ಲ!’ ಎಂದು ವಾದಿಸುವ ದರ್ಜಿಯನ್ನು ಯಾರೂ ಕಂಡಿರಲಾರರು. ಆದರೆ ಜಾಲತಾಣಗಳನ್ನು ಕಟ್ಟುವ ಇಂದಿನ ಕಸುಬಿನಲ್ಲಿ ಇಂಥ ದರ್ಜಿಗಳಿಗೆ ಅಭಾವವಿಲ್ಲ.

ಈ ಕಸುಬು ಬೆಂಗಳೂರಿನ ಗಾಜಿನ ಮಹಲುಗಳಿಗೆ ಮಾತ್ರ ಸೇರಿದುದೆಂದು ಭಾವಿಸಬೇಕಾಗಿಲ್ಲ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು ೭೦ ಕಿಲೋಮೀಟರುಗಳ ದಾರಿ. ಬೆಳಗಿನ ರೈಲು ಪ್ರತಿದಿನವೂ ಹೆಗಲಿಗೆ ಚೀಲವೇರಿಸಿದ ತರುಣ ತರುಣಿಯರನ್ನು ತುಂಬಿಕೊಂಡು ಹೋಗುತ್ತದೆ; ರಾತ್ರಿಯ ರೈಲು ಅವರನ್ನು ದಣಿದ ಮುಖಗಳೊಡನೆ ಹಿಂದಕ್ಕೆ ತಂದೊಪ್ಪಿಸುತ್ತದೆ. ೧೯೬೩ರಲ್ಲಿ ಪ್ರಾರಂಭವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ ೨೦೦೪ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯವೂ ವರ್ಷವರ್ಷವೂ ಹೊರಗೆ ಕಳುಹಿಸುವ ಪದವೀಧರರಲ್ಲಿ ಎಲ್ಲರೂ ಆ ರೈಲನ್ನು ಹತ್ತುವುದಿಲ್ಲ. ಕೆಲವರು ಊರಿನಲ್ಲಿಯೇ ಉಳಿದು, ಮನೆಯ ಮಹಡಿಯ ಕೋಣೆಯಲ್ಲಿ ಒಂದು ಮೇಜನ್ನೂ ಒಂದು ಲ್ಯಾಪ್‌ಟಾಪನ್ನೂ ಇರಿಸಿಕೊಂಡು, ತುಮಕೂರಿನ ಬಟ್ಟೆಯಂಗಡಿಗೆ, ಗುಬ್ಬಿಯ ಅಡಕೆಯ ಮಂಡಿಗೆ, ಕುಣಿಗಲ್ಲಿನ ಕಲ್ಯಾಣಮಂಟಪಕ್ಕೆ ಜಾಲತಾಣಗಳನ್ನು ಕಟ್ಟಿಕೊಡುತ್ತಾರೆ. ಅಂಥ ತರುಣನೊಬ್ಬನನ್ನು ಕಲ್ಪಿಸಿಕೊಳ್ಳುವುದು ಓದುಗರಿಗೆ ಕಷ್ಟವಾಗದು. ನೆರೆಮನೆಯಲ್ಲಿ ಇಲ್ಲದಿದ್ದರೆ ನೆಂಟರ ಮನೆಯಲ್ಲಾದರೂ ಒಬ್ಬನು ಇದ್ದೇ ಇರುತ್ತಾನೆ.

ಕೆಲಸಕ್ಕೆ ಕುಳಿತ ಈ ತರುಣನ ಮೊದಲ ವಾರವೆಲ್ಲ ಸಲಕರಣೆಗಳನ್ನು ಆರಿಸುವುದರಲ್ಲಿಯೇ ಕಳೆಯುತ್ತದೆ. ಜಾಲತಾಣವೆಂದರೆ ಕೊನೆಗೂ ಬರೆದಿಟ್ಟ ಕಡತವೇ ತಾನೆ? ಅದನ್ನು ಬರೆಯಲು ಒಂದು ಸಂಪಾದಕ ತಂತ್ರಾಂಶ ಬೇಕು. ನೋಟ್‌ಪ್ಯಾಡ್ ಪ್ಲಸ್‌ಪ್ಲಸ್ ಎಂಬುದು ೨೦೦೩ರಿಂದಲೂ ಇರುವ ಹಗುರವಾದ ಸಾಧನ. ಹಳೆಯ ಯಂತ್ರದಲ್ಲಿಯೂ ಚುರುಕಾಗಿ ನಡೆಯುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ ೨೦೧೫ರಲ್ಲಿ ಹೊರತಂದ ವಿಷುಯಲ್ ಸ್ಟುಡಿಯೋ ಕೋಡ್ ಎಂಬುದು ಹೆಚ್ಚು ಸೌಕರ್ಯಗಳುಳ್ಳದ್ದು. ಅದಕ್ಕೂ ಹಣ ಕೊಡಬೇಕಾಗಿಲ್ಲ. ಅದರ ಹಿನ್ನೆಲೆ ಕಪ್ಪಾಗಿರಬೇಕೋ ಬೆಳ್ಳಗಿರಬೇಕೋ, ಅಕ್ಷರಗಳು ದುಂಡಗಿರಬೇಕೋ ನೀಳವಾಗಿರಬೇಕೋ ಎಂಬ ವಿಚಾರದಲ್ಲಿಯೇ ಎರಡು ಸಂಜೆಗಳು ಸಂದುಹೋಗುತ್ತವೆ. ಕಾಫಿಯ ಲೋಟವನ್ನು ಹಿಡಿದು ಮಹಡಿಗೆ ಬಂದ ತಂದೆ, ‘ಒಂದು ವಾರದಿಂದ ಸುತ್ತಿಗೆಯನ್ನೇ ಆರಿಸುತ್ತಿರುವೆಯಲ್ಲ, ಮೊಳೆ ಹೊಡೆಯುವುದು ಯಾವಾಗ?’ ಎಂದು ಕೇಳಿದರೆ ಆ ಪ್ರಶ್ನೆಯಲ್ಲಿ ಅನ್ಯಾಯವೇನೂ ಇಲ್ಲ.

ಸಲಕರಣೆಗಳ ಆಯುಷ್ಯವೂ ವಿಚಿತ್ರವಾದುದು. ಒಂದು ಕಾಲದಲ್ಲಿ ಫ್ರಂಟ್‌ಪೇಜ್ ಎಂಬ ತಂತ್ರಾಂಶವನ್ನು ಬಲ್ಲವನೇ ಜಾಲತಾಣದ ಪಂಡಿತನೆನಿಸಿಕೊಂಡಿದ್ದನು. ಇಂದು ಅದರ ಹೆಸರೂ ಮರೆತುಹೋಗಿದೆ. ಅಡೋಬಿ ಸಂಸ್ಥೆಯು ಬ್ರಾಕೆಟ್ಸ್ ಎಂಬ ಸಂಪಾದಕದ ಪೋಷಣೆಯನ್ನು ೨೦೨೧ರಲ್ಲಿ ನಿಲ್ಲಿಸಿತು. ಗಿಟ್‌ಹಬ್ ಸಂಸ್ಥೆಯ ಆಟಮ್ ಎಂಬುದು ೨೦೨೨ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಅವುಗಳನ್ನು ಮೆಚ್ಚಿ ಪ್ರೀತಿಯಿಂದ ಬಳಸಿದವರು ಹೊಸದನ್ನು ಹುಡುಕಬೇಕಾಯಿತು. ಆದರೆ ಅವರು ಬರೆದಿಟ್ಟ ಪುಟಗಳಿಗೆ ಏನೂ ಆಗಲಿಲ್ಲ. ಏಕೆಂದರೆ ಆ ಪುಟಗಳು ಸರಳವಾದ ಬರಹದ ಕಡತಗಳಾಗಿದ್ದವು, ಯಾವ ಸಂಪಾದಕದಲ್ಲಾದರೂ ತೆರೆದುಕೊಳ್ಳುತ್ತಿದ್ದವು. ಸಲಕರಣೆಯ ಆಯ್ಕೆಯಲ್ಲಿ ನೆನಪಿಡಬೇಕಾದ ಮುಖ್ಯ ಸೂತ್ರವೆಂದರೆ ಇಷ್ಟೇ: ಕತ್ತರಿ ಮುರಿದರೂ ಬಟ್ಟೆ ಉಳಿಯುವಂತಿರಬೇಕು. ಉಳಿದುದು ಕೈಯ ಅಭ್ಯಾಸ, ಮನಸ್ಸಿನ ಒಲವು. ಯಾವುದನ್ನು ಆರಿಸಿದರೂ ಗುಬ್ಬಿಯ ಮಂಡಿಯವರಿಗಾಗಲಿ ಅವರ ಗಿರಾಕಿಗಳಿಗಾಗಲಿ ಅದು ತಿಳಿಯುವುದೇ ಇಲ್ಲ.

ಬ್ರೌಸರಿನ ಮಾತು ಹಾಗಲ್ಲ. ಬ್ರೌಸರೆಂದರೆ ಪುಟವನ್ನು ಓದುಗನ ಕಣ್ಣಿಗೆ ಕಾಣಿಸುವ ಕಿಟಕಿ. ಪುಟ ಒಂದೇ ಆದರೂ ಕಿಟಕಿಗಳು ಹಲವು. ಒಂದೊಂದು ಕಿಟಕಿಯೂ ಅದನ್ನು ತನ್ನ ರೀತಿಯಲ್ಲಿ ತೋರಿಸುತ್ತದೆ. ಕಟ್ಟುವವನು ತನಗೆ ಪ್ರಿಯವಾದ ಕಿಟಕಿಯನ್ನು ಆರಿಸಿಕೊಳ್ಳಬಹುದು. ಓದುವವನ ಕಿಟಕಿಯನ್ನು ಆರಿಸುವ ಅಧಿಕಾರ ಅವನಿಗಿಲ್ಲ. ಇದನ್ನು ಲೋಕವು ಒಮ್ಮೆ ಮರೆತುದರ ಕಥೆ ತಕ್ಕಮಟ್ಟಿಗೆ ದೀರ್ಘವಾದುದು.

ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿಯು ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ೧೯೯೦ರಲ್ಲಿ ಪ್ರಪಂಚದ ಮೊದಲ ಬ್ರೌಸರನ್ನು ರಚಿಸಿದನು. ೧೯೯೩ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಿಂದ ಮೊಸಾಯಿಕ್ ಬಂದಿತು. ೧೯೯೪ರಲ್ಲಿ ನೆಟ್‌ಸ್ಕೇಪ್, ಮರುವರ್ಷ ಮೈಕ್ರೋಸಾಫ್ಟಿನ ಇಂಟರ್ನೆಟ್ ಎಕ್ಸ್‌ಪ್ಲೋರರ್. ಆಮೇಲೆ ನಡೆದುದು ದಾಯಾದಿಗಳ ಕದನ. ವಿಂಡೋಸ್ ಗಣಕದೊಡನೆಯೇ ಮನೆ ಹೊಕ್ಕ ಎಕ್ಸ್‌ಪ್ಲೋರರ್ ಗೆದ್ದಿತು. ಅದರ ಆರನೆಯ ಆವೃತ್ತಿ ೨೦೦೧ರಲ್ಲಿ ಬಂದ ಮೇಲೆ ಏಳನೆಯದು ಬರಲು ಐದು ವರ್ಷಗಳು ಹಿಡಿದವು. ಎದುರಾಳಿಯಿಲ್ಲದ ಮಲ್ಲನಿಗೆ ಸಾಮು ಮಾಡುವ ಅವಶ್ಯಕತೆಯೇನು? ಆ ದಿನಗಳಲ್ಲಿ ಅನೇಕ ಜಾಲತಾಣಗಳ ಹೊಸ್ತಿಲಲ್ಲಿಯೇ ಒಂದು ಫಲಕ ತೂಗುತ್ತಿತ್ತು: ‘ಈ ತಾಣವನ್ನು ಇಂಥ ಬ್ರೌಸರಿನಲ್ಲಿ, ೮೦೦ಕ್ಕೆ ೬೦೦ ಅಳತೆಯ ಪರದೆಯಲ್ಲಿ ನೋಡಿದರೆ ಉತ್ತಮ.’ ಮನೆಗೆ ಬಂದ ಅತಿಥಿಗೆ, ‘ತಾವು ಐದಡಿ ಆರಂಗುಲ ಎತ್ತರವಿದ್ದರೆ ಮಾತ್ರ ಈ ಕುರ್ಚಿ ಸುಖಕರ’ ಎಂದಂತೆ.

ಕನ್ನಡಕ್ಕೆ ಈ ಮರೆವಿನಿಂದಾದ ಕಷ್ಟ ಇನ್ನೂ ಹೆಚ್ಚಿನದು. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸ, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇವುಗಳಿಂದ ಗಣಕದ ಮೇಲೆ ಕನ್ನಡ ಬರೆಯುವುದು ಸುಲಭವಾಯಿತು. ಆದರೆ ಅಂದಿನ ರೀತಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕುಳ್ಳಿರಿಸಲಾಗುತ್ತಿತ್ತು. ಓದುವವನ ಯಂತ್ರದಲ್ಲಿ ಅದೇ ಅಕ್ಷರಮಾಲೆ ಇಲ್ಲದಿದ್ದರೆ ಕನ್ನಡದ ಪುಟವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಪುಟದೊಡನೆಯೇ ಅಕ್ಷರಮಾಲೆಯನ್ನೂ ಕಳುಹಿಸುವ ಉಪಾಯವೇನೋ ಇತ್ತು. ಆದರೆ ಎಕ್ಸ್‌ಪ್ಲೋರರಿಗೆ ಕಳುಹಿಸುವ ಬಗೆಯೇ ಬೇರೆ, ನೆಟ್‌ಸ್ಕೇಪಿಗೆ ಕಳುಹಿಸುವ ಬಗೆಯೇ ಬೇರೆ. ಒಂದನ್ನು ಆರಿಸಿದರೆ ಮತ್ತೊಂದರ ಓದುಗರಿಗೆ ಬಾಗಿಲು ಮುಚ್ಚಿದಂತೆ. ೧೯೯೧ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ ಕನ್ನಡಕ್ಕೆ ತನ್ನದೇ ಆದ ಸ್ಥಾನಗಳು ಇದ್ದುವು. ಆದರೆ ಅದನ್ನು ಸರಿಯಾಗಿ ತೋರಿಸಬಲ್ಲ ಗಣಕವು ಸಾಮಾನ್ಯರ ಮನೆಗೆ ಬಂದುದು ೨೦೦೧ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಅಕ್ಷರಮಾಲೆಯೊಡನೆ. ಆಂಡ್ರಾಯ್ಡ್ ದೂರವಾಣಿಗಳಿಗೆ ಕನ್ನಡ ತಿಳಿದುದು ೨೦೧೨ರ ೪.೧ನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಅನೇಕರ ಕೈಯ ಫೋನುಗಳಲ್ಲಿ ಕನ್ನಡವೆಂದರೆ ಸಾಲುಸಾಲು ಚೌಕಗಳು. ಆಗ ಓಪೆರಾ ಮಿನಿ ಎಂಬ ಪುಟ್ಟ ಬ್ರೌಸರು ಒಂದು ಉಪಕಾರ ಮಾಡಿತು. ಅದರ ಹೊಂದಿಕೆಯೊಂದನ್ನು ಬದಲಿಸಿದರೆ, ದೂರದ ಗಣಕವು ಕನ್ನಡದ ಅಕ್ಷರಗಳನ್ನು ಚಿತ್ರವಾಗಿ ಬರೆದು ಕಳುಹಿಸುತ್ತಿತ್ತು. ಅಕ್ಷರವನ್ನೇ ಅರಿಯದ ಅಗ್ಗದ ಫೋನಿನಲ್ಲಿಯೂ ಕನ್ನಡವನ್ನು ಓದಲು ಸಾಧ್ಯವಾಯಿತು. ಬಡವನ ಕಿಟಕಿಯನ್ನು ನೆನೆದವರೂ ಇದ್ದರು ಎಂಬುದಕ್ಕೆ ಇದು ಸಾಕ್ಷಿ.

ಇಂದು ಕಾಲ ಬದಲಾಗಿದೆ. ೨೦೦೪ರ ನವೆಂಬರಿನಲ್ಲಿ ಫೈರ್‌ಫಾಕ್ಸ್ ಬಂದಿತು. ೨೦೦೮ರಲ್ಲಿ ಗೂಗಲಿನ ಕ್ರೋಮ್. ಎಕ್ಸ್‌ಪ್ಲೋರರ್ ೨೦೨೨ರ ಜೂನ್ ೧೫ರಂದು ನಿವೃತ್ತಿ ಪಡೆಯಿತು. ಅದರ ಉತ್ತರಾಧಿಕಾರಿಯಾದ ಎಡ್ಜ್ ೨೦೨೦ರ ಜನವರಿಯಿಂದ ಕ್ರೋಮಿನ ಎಂಜಿನನ್ನೇ ಹೊಂದಿದೆ. ಕಿಟಕಿಗಳ ಹೆಸರು ಹಲವಾದರೂ ಒಳಗಿನ ಮುಖ್ಯ ಎಂಜಿನುಗಳು ಮೂರೇ: ಕ್ರೋಮ್, ಎಡ್ಜ್, ಓಪೆರಾಗಳಲ್ಲಿರುವ ಬ್ಲಿಂಕ್, ಐಫೋನಿನ ಸಫಾರಿಯಲ್ಲಿರುವ ವೆಬ್‌ಕಿಟ್, ಫೈರ್‌ಫಾಕ್ಸಿನಲ್ಲಿರುವ ಗೆಕೋ. ಹೀಗಿರುವಲ್ಲಿ ಮಹಡಿಯ ತರುಣನು ಕ್ರೋಮನ್ನೊಂದನ್ನೇ ತೆರೆದು, ‘ಎಲ್ಲರಲ್ಲಿಯೂ ಇರುವುದು ಇದೇ, ಇದರಲ್ಲಿ ಸರಿಯಾದರೆ ಸಾಕು’ ಎಂದುಕೊಂಡರೆ ಆಶ್ಚರ್ಯವಿಲ್ಲ. ಹಳೆಯ ಫಲಕವನ್ನು ಅವನು ತೂಗುಹಾಕುವುದಿಲ್ಲ. ಆದರೆ ಅದು ಅವನ ಮನಸ್ಸಿನಲ್ಲಿ ತೂಗುತ್ತಲೇ ಇರುತ್ತದೆ.

ಇದರಿಂದಾಗುವ ತೊಂದರೆ ಎಂಥದೆಂಬುದಕ್ಕೆ ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ತುಮಕೂರಿನ ಒಂದು ವಿದ್ಯಾರ್ಥಿನಿಯರ ನಿಲಯಕ್ಕೆ ಅರ್ಜಿ ಸಲ್ಲಿಸುವ ಪುಟವನ್ನು ನಮ್ಮ ತರುಣನು ಸಿದ್ಧಪಡಿಸುತ್ತಾನೆ ಎನ್ನಿ. ಊರಿನ ಹೆಸರನ್ನು ಬರೆಯಲು ಒಂದು ಚೌಕ. ಎಷ್ಟು ಅಕ್ಷರಗಳಿಗೆ ಸ್ಥಳ ಬೇಕು? ತನಗೆ ತಿಳಿದ ಉದ್ದನೆಯ ಹೆಸರೊಂದನ್ನು ಇಂಗ್ಲಿಷಿನಲ್ಲಿ ಬರೆದು ನೋಡುತ್ತಾನೆ: ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ. ಸರಿಯಾಗಿ ೧೨ ಅಕ್ಷರಗಳು. ಚೌಕಕ್ಕೆ ೧೨ರ ಮಿತಿಯನ್ನು ಹಾಕಿ ಮುಂದಕ್ಕೆ ಹೋಗುತ್ತಾನೆ.

ಹುಲಿಯೂರುದುರ್ಗದ ತಂದೆಯೊಬ್ಬನು ಮಗಳಿಗಾಗಿ ಅದೇ ಪುಟವನ್ನು ತನ್ನ ಹಳೆಯ ಫೋನಿನಲ್ಲಿ ತೆರೆಯುತ್ತಾನೆ. ಅವನು ಬರೆಯುವುದು ಕನ್ನಡದಲ್ಲಿ. ಕಣ್ಣಿಗೆ ಆ ಹೆಸರು ಆರೇ ಅಕ್ಷರಗಳು: ಹು, ಲಿ, ಯೂ, ರು, ದು, ರ್ಗ. ಆದರೆ ಗಣಕದ ಲೆಕ್ಕ ಬೇರೆ. ವ್ಯಂಜನಕ್ಕೊಂದು, ಕೊಂಬಿಗೊಂದು, ಗುಡಿಸಿಗೊಂದು, ಒತ್ತಿನ ಹಲಂತಕ್ಕೊಂದು ಎಂದು ಬೇರೆಬೇರೆಯಾಗಿ ಎಣಿಸಿದರೆ ಒಟ್ಟು ೧೩ ಸಂಕೇತಗಳಾಗುತ್ತವೆ. ಹನ್ನೆರಡು ತುಂಬಿದ ಮೇಲೆ ಚೌಕವು ಹದಿಮೂರನೆಯದನ್ನು ಸ್ವೀಕರಿಸುವುದಿಲ್ಲ. ‘ಹುಲಿಯೂರುದುರ್’ ಎಂಬಲ್ಲಿಗೆ ಹೆಸರು ನಿಲ್ಲುತ್ತದೆ. ಎಷ್ಟು ಒತ್ತಿದರೂ ಕೊನೆಯ ‘ಗ’ ಒಳಗೆ ಬರುವುದಿಲ್ಲ. ಹಾಗೆಯೇ ಕಳುಹಿಸೋಣವೆಂದರೆ ಪುಟವು ಕೆಂಪು ಅಕ್ಷರಗಳಲ್ಲಿ, ‘ಊರಿನ ಹೆಸರನ್ನು ಸರಿಯಾಗಿ ಬರೆಯಿರಿ’ ಎನ್ನುತ್ತದೆ. ತಾನು ಹುಟ್ಟಿ ಬೆಳೆದ ಊರಿನ ಹೆಸರನ್ನು ಸರಿಯಾಗಿ ಬರೆಯಬೇಕೆಂದು ಐವತ್ತು ವರ್ಷದ ಮನುಷ್ಯನಿಗೆ ಒಂದು ಯಂತ್ರವು ಪಾಠ ಹೇಳುತ್ತದೆ.

ಆ ತಂದೆಯು ಆಗ ಏನೆಂದುಕೊಳ್ಳುತ್ತಾನೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ‘ಈ ಪುಟವನ್ನು ಮಾಡಿದವನು ತಪ್ಪಿದ್ದಾನೆ’ ಎಂದು ಅವನು ಎಂದಿಗೂ ಭಾವಿಸುವುದಿಲ್ಲ. ‘ಇದೆಲ್ಲ ನಮ್ಮಂಥವರಿಗಲ್ಲ’ ಎಂದುಕೊಳ್ಳುತ್ತಾನೆ. ಹಿಗ್ಗಿದ ಅಂಗಿಯನ್ನು ತೊಟ್ಟವನು ದರ್ಜಿಯನ್ನು ಬಯ್ಯುತ್ತಾನೆ. ಹಾಳಾದ ಪುಟವನ್ನು ತೆರೆದವನು ತನ್ನನ್ನೇ ಹಳಿದುಕೊಳ್ಳುತ್ತಾನೆ. ಮರುದಿನ ಕೂಲಿಯನ್ನು ಬಿಟ್ಟು, ಬಸ್ಸು ಹತ್ತಿ, ಕುಣಿಗಲ್ಲಿನ ಯಾವುದಾದರೂ ಸೈಬರ್ ಅಂಗಡಿಯಲ್ಲಿ ಹಣ ಕೊಟ್ಟು ಆ ಅರ್ಜಿಯನ್ನು ಇಂಗ್ಲಿಷಿನಲ್ಲಿ ತುಂಬಿಸಬಹುದು. ಆದರೆ ಅರ್ಜಿಗೆ ಅದೇ ಕೊನೆಯ ರಾತ್ರಿಯಾಗಿದ್ದರೆ? ಒಂದು ‘ಗ’ಕಾರಕ್ಕೆ ಸ್ಥಳವಿಲ್ಲದ ಕಾರಣ ಒಬ್ಬ ಹುಡುಗಿ ಆ ವರ್ಷ ಓದನ್ನು ನಿಲ್ಲಿಸಬೇಕಾಗಬಹುದು. ಅದು ಮಹಡಿಯ ತರುಣನಿಗೆ ತಿಳಿಯುವುದೂ ಇಲ್ಲ. ಅವನ ಕಿಟಕಿಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಅಕ್ಷರಗಳ ಲೆಕ್ಕವೊಂದೇ ಅಲ್ಲ, ಭಾರದ ಲೆಕ್ಕವೂ ಇದೆ. ಇಂಗ್ಲಿಷಿನ ಒಂದು ಅಕ್ಷರ ಜಾಲದಲ್ಲಿ ಸಾಗಲು ಒಂದು ಬೈಟ್ ಸಾಕು. ಕನ್ನಡದ ಒಂದು ಸಂಕೇತಕ್ಕೆ ಮೂರು ಬೇಕು. ಹುಲಿಯೂರುದುರ್ಗವು ಇಂಗ್ಲಿಷಿನಲ್ಲಿ ೧೨ ಬೈಟ್, ಕನ್ನಡದಲ್ಲಿ ೩೯. ಬರಹಕ್ಕೆ ಇದು ದೊಡ್ಡ ಹೊರೆಯೇನಲ್ಲ. ಕಳುಹಿಸುವಾಗ ಕುಗ್ಗಿಸುವ ಉಪಾಯಗಳಿವೆ. ಆದರೆ ಅದರ ಮೇಲೆ ಅಲಂಕಾರದ ಅಕ್ಷರಮಾಲೆಗಳನ್ನೂ ಓಡಾಡುವ ಚಿತ್ರಗಳನ್ನೂ ಹೇರಿದರೆ ಪುಟವು ಎತ್ತುಗಳಿಗೆ ಮೀರಿದ ಗಾಡಿಯಾಗುತ್ತದೆ. ಕುಣಿಗಲ್ಲು ಕುದುರೆಗಳಿಗೆ ಹೆಸರಾದ ಊರು. ಅಲ್ಲಿಯ ಫಾರಮ್ಮಿನಲ್ಲಿ ಬೆಳೆದ ಜೂಜಿನ ಕುದುರೆಯ ಓಟವನ್ನು ನೋಡಿ ರಸ್ತೆಯ ಅಳತೆಯನ್ನು ನಿರ್ಧರಿಸುವವನು ಜಟಕಾ ಬಂಡಿಯನ್ನು ಮರೆತಂತೆಯೇ. ೨೦೧೭ರಲ್ಲಿ ಬಂದ ಜಿಯೋಫೋನಿನ ಪರದೆ ೨.೪ ಅಂಗುಲ, ಅದರಲ್ಲಿ ಬಿಂದುಗಳು ೨೪೦ಕ್ಕೆ ೩೨೦. ಅಂಥ ಫೋನಿನಲ್ಲಿಯೇ ಮೊದಲಬಾರಿಗೆ ಜಾಲವನ್ನು ಕಂಡ ಮನೆಗಳು ಕಡಮೆಯಲ್ಲ.

ಹಾಗಾದರೆ ತರುಣನು ಮಾಡಬೇಕಾದುದೇನು? ಅದಕ್ಕೆ ಬೇಕಾದ ಸಲಕರಣೆಗಳಲ್ಲಿ ಬಹುಪಾಲು ಉಚಿತವಾಗಿಯೇ ದೊರೆಯುತ್ತವೆ. ಪುಟದ ಒಳಗನ್ನು ಬಿಚ್ಚಿ ನೋಡುವ ಪರಿಶೋಧನ ಸಾಧನಗಳು ಈಗ ಪ್ರತಿಯೊಂದು ಮುಖ್ಯ ಬ್ರೌಸರಿನಲ್ಲಿಯೂ ಇವೆ. ೨೦೦೬ರಲ್ಲಿ ಫೈರ್‌ಫಾಕ್ಸಿಗೆ ಫೈರ್‌ಬಗ್ ಎಂಬ ಸಾಧನವು ಬಂದಾಗ ಅದನ್ನು ವೈದ್ಯನ ಸ್ಟೆತಾಸ್ಕೋಪಿನಂತೆ ಜನ ಬರಮಾಡಿಕೊಂಡಿದ್ದರು. ಕ್ರೋಮಿನ ಸಾಧನದಲ್ಲಿ ಪರದೆಯನ್ನು ಫೋನಿನ ಅಳತೆಗೆ ಕುಗ್ಗಿಸಬಹುದು. ಜಾಲದ ವೇಗವನ್ನು ಬೇಕೆಂದೇ ತಗ್ಗಿಸಿ, ಹಳ್ಳಿಯ ಮೂಲೆಯಲ್ಲಿ ಪುಟವು ಎಷ್ಟು ಹೊತ್ತಿಗೆ ತೆರೆಯುವುದೆಂದು ಕಾದು ನೋಡಬಹುದು. ಕ್ರೋಮಿನಲ್ಲಿ ನೋಡಿದುದನ್ನು ಫೈರ್‌ಫಾಕ್ಸಿನಲ್ಲಿ ಮತ್ತೊಮ್ಮೆ ನೋಡುವುದಕ್ಕೆ ಐದು ನಿಮಿಷಗಳು ಸಾಕು. ಸ್ನೇಹಿತನ ಐಫೋನನ್ನು ಬೇಡಿ ಸಫಾರಿಯಲ್ಲಿ ಪರೀಕ್ಷಿಸುವುದಕ್ಕೆ ಒಂದು ಕಾಫಿಯ ಖರ್ಚು. ಕಣ್ಣು ಕಾಣದವರಿಗೆ ಪುಟವನ್ನು ಓದಿಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವೂ ಉಚಿತವೇ. ಅದನ್ನು ನಡೆಸಿ, ಪರದೆಯನ್ನು ನೋಡದೆ ತನ್ನದೇ ಅರ್ಜಿಯನ್ನು ತುಂಬಲು ಯತ್ನಿಸಿದರೆ ಅರ್ಧ ಗಂಟೆಯಲ್ಲಿ ದೊರೆಯುವ ವಿನಯ ಯಾವ ಪುಸ್ತಕದಿಂದಲೂ ದೊರೆಯದು.

ಇವೆಲ್ಲಕ್ಕಿಂತ ಉತ್ತಮವಾದ ಸಲಕರಣೆ ಮನೆಯ ಮೇಜಿನ ಸೆಳೆಖಾನೆಯಲ್ಲಿಯೇ ಇದೆ. ಅಕ್ಕನು ಬಿಟ್ಟ ಹಳೆಯ ಫೋನು, ಅಜ್ಜನ ಸೀಳುಬಿಟ್ಟ ಫೋನು. ಗಣಕದೊಳಗಿನ ಅನುಕರಣವು ಪರದೆಯ ಅಳತೆಯನ್ನು ತೋರಿಸಬಲ್ಲುದೇ ಹೊರತು ಸಣ್ಣ ಯಂತ್ರದ ಏದುಸಿರನ್ನು ತೋರಿಸಲಾರದು. ಹಳೆಯ ಫೋನನ್ನು ಚಾರ್ಜು ಮಾಡಿ, ಅಜ್ಜನ ಕೈಗೇ ಕೊಟ್ಟು, ‘ಇದರಲ್ಲಿ ಊರಿನ ಹೆಸರನ್ನು ಬರೆಯಿರಿ’ ಎಂದು ಹೇಳಿ ಪಕ್ಕದಲ್ಲಿ ಮೌನವಾಗಿ ಕುಳಿತುಕೊಳ್ಳಬೇಕು. ಮೌನವೇ ಇಲ್ಲಿ ಕಷ್ಟ. ‘ಅಲ್ಲಿ ಒತ್ತಿ, ಇಲ್ಲಿ ಒತ್ತಿ’ ಎಂದು ಹೇಳಬೇಕೆನ್ನಿಸಿದ ಪ್ರತಿಯೊಂದು ಕ್ಷಣವೂ ಪುಟದಲ್ಲಿ ತಿದ್ದಬೇಕಾದ ಒಂದು ದೋಷವನ್ನು ತೋರಿಸುತ್ತದೆ.

ಇಂಥ ಎಚ್ಚರವನ್ನು ಕಲಿಯಲು ದೂರಕ್ಕೆ ಹೋಗಬೇಕಾಗಿಲ್ಲ. ತುಮಕೂರಿನ ನೆರೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ‘ಗುಬ್ಬಿ ಕಂಪನಿ’ಯಾಯಿತು. ಆ ಕಂಪನಿಯ ವೈಭವವನ್ನು, ರಂಗದ ಮೇಲೆ ಆನೆ ಕುದುರೆಗಳು ಬಂದುದನ್ನು ಹಿರಿಯರು ಇಂದಿಗೂ ವರ್ಣಿಸುತ್ತಾರೆ. ಆದರೆ ಧ್ವನಿವರ್ಧಕವಿಲ್ಲದ ಕಾಲದ ರಂಗಭೂಮಿಯನ್ನು ಊರೂರಿನಲ್ಲಿ ನಡೆಸಿದುದು ಆನೆಗಳ ವೈಭವವಷ್ಟೇ ಅಲ್ಲ. ನೆಲದ ಮೇಲೆ ಕುಳಿತ ಕೊನೆಯ ಸಾಲಿನವನಿಗೂ ಮಾತು ಕೇಳುವಂತೆ ಉಚ್ಚರಿಸುತ್ತಿದ್ದ ನಟರ ಕಂಠ. ಮುಂದಿನ ಕುರ್ಚಿಯವನಿಗೆ ಕೇಳಿಸಿದರೆ ಕೊನೆಯವನಿಗೆ ಕೇಳಿಸಿತೆಂದು ಹೇಳಲಾಗದು. ಕೊನೆಯವನಿಗೆ ಕೇಳಿಸಿದರೆ ಮುಂದಿನವನಿಗೆ ಕೇಳಿಸಿತೇ ಎಂದು ಕೇಳಬೇಕಾಗಿಯೇ ಇಲ್ಲ. ಜಾಲತಾಣವನ್ನು ಕಟ್ಟುವವನಿಗೂ ಈ ನಿಯಮವೇ ಅನ್ವಯಿಸುತ್ತದೆ. ಹಳೆಯ ಫೋನಿನಲ್ಲಿ, ನಿಧಾನವಾದ ಜಾಲದಲ್ಲಿ, ಕನ್ನಡದಲ್ಲಿ ನಡೆಯುವ ಪುಟವು ಬೆಂಗಳೂರಿನ ಹೊಸ ಯಂತ್ರದಲ್ಲಿ ನಡೆದೇ ನಡೆಯುತ್ತದೆ.

ಬರ್ನರ್ಸ್-ಲೀ ರಚಿಸಿದ ಆ ಮೊದಲ ಬ್ರೌಸರಿಗೆ ಒಂದು ವಿಶೇಷವಿತ್ತು. ಅದರಲ್ಲಿ ಪುಟವನ್ನು ಓದುವುದಷ್ಟೇ ಅಲ್ಲ, ಅಲ್ಲಿಯೇ ತಿದ್ದಿ ಬರೆಯುವುದಕ್ಕೂ ಸಾಧ್ಯವಿತ್ತು. ಓದುವ ಕಿಟಕಿಯೂ ಬರೆಯುವ ಸಲಕರಣೆಯೂ ಒಂದೇ. ಮುಂದೆ ಈ ಎರಡೂ ಬೇರೆಯಾದವು. ಬರೆಯುವವನು ಮಹಡಿಯಲ್ಲಿ ಉಳಿದನು, ಓದುವವನು ಹುಲಿಯೂರುದುರ್ಗದಲ್ಲಿ. ಅವರನ್ನು ಮತ್ತೆ ಒಂದುಗೂಡಿಸುವ ತಂತ್ರಾಂಶವನ್ನು ಯಾವ ಸಂಸ್ಥೆಯೂ ಮಾರುವುದಿಲ್ಲ. ಒಬ್ಬನು ದಿನಕ್ಕೊಮ್ಮೆಯಾದರೂ ತನ್ನ ಕುರ್ಚಿಯಿಂದೆದ್ದು ಇನ್ನೊಬ್ಬನ ಕಿಟಕಿಯಲ್ಲಿ ನಿಂತು ನೋಡಬೇಕು, ಅಷ್ಟೇ. ಅದರ ಮೊದಲ ಫಲವಾಗಿ ಆ ಹನ್ನೆರಡರ ಮಿತಿಯನ್ನು ಅಳಿಸಿ ನೂರೆಂದು ಬರೆಯುವುದಕ್ಕೆ ಹತ್ತು ಕ್ಷಣಗಳೂ ಬೇಕಾಗಿಲ್ಲ.